ಗಣಿ ಮುಚ್ಚಿದ ಊರಿಗೆ ಹೊರಟ ಮಗಳಿಗೆ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಅಮೆರಿಕದ ಸ್ಕ್ರಾಂಟನ್‌ನಲ್ಲಿ ಡಾಕ್ಟರಿಕೆಯ ತರಬೇತಿ ಮುಗಿದ ಮೇಲೆ ದೊಡ್ಡ ಊರಿನ ಆಸ್ಪತ್ರೆಯನ್ನು ಬಿಟ್ಟು, ಪಕ್ಕದ ಓಲ್ಡ್ ಫೋರ್ಜ್‌ನ ಚಿಕ್ಕ ಕ್ಲಿನಿಕ್ ಸೇರುವುದಾಗಿ ನೀನು ತಿಳಿಸಿದಾಗ ನಾನು ಆಡಿದ ಮಾತು ಒರಟಾಗಿತ್ತು. ನಿನ್ನ ಮನಸ್ಸು ನೊಂದಿದ್ದರೆ ಕ್ಷಮಿಸು. ಆದರೆ ಆ ಮಾತಿನ ಹಿಂದಿದ್ದ ಆತಂಕ ಇನ್ನೂ ಕರಗಿಲ್ಲ. ಫೋನಿನಲ್ಲಿ ಹೇಳಹೋದರೆ ಮತ್ತೆ ಜಗಳವಾದೀತೆಂದು ಬರೆಯುತ್ತಿದ್ದೇನೆ.

ಕೆ.ಜಿ.ಎಫ್.ನ ಕಥೆ ನಿನಗೆ ಗೊತ್ತಿರುವುದೇ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಊರಿನವರು ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ದುಡಿದು, ರಾತ್ರಿ ಮಲಗುವುದಕ್ಕಷ್ಟೇ ಮನೆಗೆ ಮರಳುವಂತಾದುದನ್ನು ಕಂಡವನು ನಾನು. ಅಂಥವನಿಗೆ, ಗಣಿ ನಿಂತುಹೋದ ಇನ್ನೊಂದು ಊರಿನಲ್ಲಿ ಮಗಳು ನೆಲೆಸುತ್ತಾಳೆಂದರೆ ಎದೆ ಝಲ್ಲೆನ್ನದೆ ಇರುತ್ತದೆಯೇ? ಅಲ್ಲಿ ನೆಲದಡಿ ಇದ್ದದ್ದು ಕಲ್ಲಿದ್ದಲು. ಆ ಊರಿರುವ ಕಣಿವೆಯಲ್ಲೇ, ನದಿಯ ತಳಕ್ಕೆ ತೀರ ಹತ್ತಿರ ಅಗೆದಿದ್ದ ನಾಕ್ಸ್ ಗಣಿಯೊಳಕ್ಕೆ 1959ರ ಜನವರಿ 22ರಂದು ಸಸ್ಕ್ವೆಹಾನ ನದಿ ನುಗ್ಗಿ 12 ಮಂದಿ ಸತ್ತರು. ಅವರ ದೇಹಗಳು ಸಿಗಲೇ ಇಲ್ಲ. ಆ ಕಣಿವೆಯ ಆಳದ ಗಣಿಗಾರಿಕೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು.

ಹಾಗಿದ್ದೂ ಓಲ್ಡ್ ಫೋರ್ಜ್‌ನ ಪಿಜ್ಜಾ ಒಲೆಗಳು ಆರಲಿಲ್ಲ. ನೀನು ಕರೆದುಕೊಂಡು ಹೋದ ಆ ಸಂಜೆಯನ್ನು ನಾನು ಎಷ್ಟು ಸಲ ನೆನೆದಿದ್ದೇನೋ. ಆಯತಾಕಾರದ ತಟ್ಟೆಯಲ್ಲಿ ಬಂದ ಕೆಂಪು ಪಿಜ್ಜಾದ ತಳ ಎಣ್ಣೆಯಲ್ಲಿ ಗರಿಗರಿಯಾಗಿತ್ತು; ಸಾಸಿನಲ್ಲಿ ಈರುಳ್ಳಿಯ ಸಿಹಿಯಿತ್ತು. ಬಿಳಿಯ ಬಗೆಯಲ್ಲಿ ಮೇಲೂ ಕೆಳಗೂ ಹಿಟ್ಟಿನ ಪದರ, ನಡುವೆ ಚೀಸ್, ಮೇಲೆ ಘಮಘಮಿಸುವ ರೋಸ್‌ಮೆರಿ ಎಲೆ. ಬಾರಿನಲ್ಲಿ ಇಸ್ಪೀಟಾಡಲು ಸೇರುತ್ತಿದ್ದ ಗಣಿ ಕೆಲಸಗಾರರಿಗಾಗಿ ಇಟಲಿ ಮೂಲದ ಹೆಂಗಸೊಬ್ಬಳು ಇದನ್ನು ಮಾಡತೊಡಗಿದಳೆಂದು ಅಲ್ಲಿಯವರು ಹೇಳುತ್ತಾರಂತೆ. ಒಂದೊಂದು ಅಂಗಡಿಯೂ ತನ್ನ ಚೀಸ್ ಮಿಶ್ರಣವನ್ನು ಗುಟ್ಟಾಗಿಡುತ್ತದೆ, ಒಂದೊಂದು ಮನೆತನಕ್ಕೂ ಅದರದ್ದೇ ಅಂಗಡಿಯಿದೆ ಎಂದು ನೀನೇ ವಿವರಿಸಿದ್ದೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ಗಲ್ಲೆಯಲ್ಲಿದ್ದ ಹೆಂಗಸು. ನಮ್ಮ ಹಿಂದೆ ನಿಂತಿದ್ದವನಿಗೆ ಏನು ಬೇಕೆಂದು ಅವಳು ಕೇಳಲೇ ಇಲ್ಲ. ತಾಯಿಯ ಮೊಣಕಾಲು ಹೇಗಿದೆ ಎಂದು ವಿಚಾರಿಸುತ್ತಲೇ ಬಿಳಿ ಕಾಗದ ಹೊದಿಸಿದ ತಟ್ಟೆಯನ್ನು ಮುಂದಿಟ್ಟಳು. ಅವನು ಅದನ್ನು ಸಾವಾದ ಮನೆಯೊಂದಕ್ಕೆ ಒಯ್ಯುತ್ತಿದ್ದಾನೆಂದು ಆಮೇಲೆ ತಿಳಿಯಿತು. ನಮ್ಮೊಡನೆಯೂ ಅವಳು ನಗುನಗುತ್ತಲೇ ಮಾತನಾಡಿದಳು. ಆದರೆ ನಮ್ಮನ್ನು ಕೇಳಿದ್ದು ಎಲ್ಲಿಂದ ಬಂದಿರಿ ಎಂದು. ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಒಂದೇ: ಮೂರು ತಲೆಮಾರು ಒಬ್ಬರನ್ನೊಬ್ಬರು ಬಲ್ಲ ಊರಿನಲ್ಲಿ, ನೀನು ಜ್ವರದಿಂದ ಮಲಗಿದ ದಿನ ನಿನ್ನ ಬಾಗಿಲಿಗೆ ತಟ್ಟೆ ತರುವವರು ಯಾರು? ಚಿಕ್ಕ ಊರು ತನ್ನವರನ್ನು ಕೈಬಿಡುವುದಿಲ್ಲ, ನಿಜ. ಆದರೆ ತನ್ನವರು ಯಾರೆಂದು ತೀರ್ಮಾನಿಸುವುದಕ್ಕೆ ಅದು ಬಹಳ ಕಾಲ ತೆಗೆದುಕೊಳ್ಳುತ್ತದೆ.

ಆದ್ದರಿಂದ ಹೇಳುತ್ತೇನೆ, ಉಪದೇಶವೆನ್ನಬೇಡ. ಪಿಜ್ಜಾವನ್ನು ಮನೆಗೆ ತರಿಸಿಕೊಳ್ಳದೆ ಅಂಗಡಿಗೇ ಹೋಗಿ ಕೂತು ತಿನ್ನು. ಅವರು ಮಾಡಿದ ಹಾಗೆಯೇ ತಿನ್ನು, ಹಸಿಮೆಣಸಿನಕಾಯಿ ಕೇಳಬೇಡ. ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಆ ಕಣಿವೆಯ ಚರ್ಚುಗಳಲ್ಲಿ ಪಿಜ್ಜಾ ಮಾರುತ್ತಾರಲ್ಲ, ಪೂರ್ವ ಯುರೋಪಿನ ಸ್ಲಾವಿಕ್ ಮನೆತನದ ಹೆಂಗಸರು ಆಲೂಗಡ್ಡೆ, ಕೋಸು ತುಂಬಿದ ಪಗಾಚ್ ಎಂಬ ರೊಟ್ಟಿ ಮಾಡುತ್ತಾರಲ್ಲ, ಅಲ್ಲಿಗೆ ತಪ್ಪದೆ ಹೋಗು. ಕೊಂಡುಕೊಳ್ಳುವುದಷ್ಟೇ ಸಾಲದು, ಕಣಕ ಲಟ್ಟಿಸಲು ಕೈ ಜೋಡಿಸಲೇ ಎಂದು ಕೇಳು. ಕ್ಲಿನಿಕ್ಕಿಗೆ ಬರುವ ಮುದುಕರನ್ನು ರೋಗದ ಬಗ್ಗೆ ಕೇಳುವ ಮೊದಲು ಅವರ ತಂದೆ ಯಾವ ಗಣಿಯಲ್ಲಿದ್ದರೆಂದು ಕೇಳು.

ಇದನ್ನು ಬರೆಯುತ್ತಿರುವಾಗ ಹೆಮ್ಮೆಯೂ ಆಗುತ್ತಿದೆ. ಗಣಿಯ ದೂಳು ಕುಡಿದ ಎದೆಯ ಕೆಮ್ಮು ಎಂಥದ್ದೆಂದು ನಿನಗೆ ಯಾವ ಪುಸ್ತಕವೂ ಕಲಿಸಬೇಕಾಗಿರಲಿಲ್ಲ. ಅಜ್ಜನ ಮಂಚದ ಪಕ್ಕದಲ್ಲಿ ಬೆಳೆದವಳು ನೀನು. ಆ ಊರಿಗೆ ಬೇಕಾದ ಡಾಕ್ಟರು ನೀನೇ ಎಂದು ಅಮ್ಮ ಮೊದಲ ದಿನವೇ ಹೇಳಿದಳು. ನನಗೆ ಅದನ್ನು ಒಪ್ಪಿಕೊಳ್ಳಲು ಇಷ್ಟು ದಿನ ಬೇಕಾಯಿತು.

ಮನೆ ಗೊತ್ತಾದ ಕೂಡಲೇ ವಿಳಾಸ ತಿಳಿಸು. ಹಿಮ ಬೀಳುವ ಮೊದಲು ಕಾರಿನ ಟೈರು ಬದಲಿಸಿಕೋ. ಪಕ್ಕದ ಮನೆಯವರ ಪರಿಚಯವಾದ ಮೇಲೆ, ಅವರನ್ನು ಕೇಳಿ ಅವರ ಫೋನ್ ನಂಬರನ್ನು ನಮಗೆ ಕಳುಹಿಸು.

ಇತಿ,
ನಿನ್ನ ಅಪ್ಪ