ಸೋಂಕು ತಗುಲಿದ್ದು ಎಲ್ಲಿ?

ಮಾನ್ಯ ಸಂಪಾದಕರೆ,

ಜೈಲಿನಲ್ಲಿ ಕ್ಷಯ ಅಂಟಿಸಿಕೊಂಡ ಕೈದಿ ಪರಿಹಾರ ಕೇಳಿ ಕೋರ್ಟಿಗೆ ಹೋದರೆ ಎದುರಾಗುವ ಪ್ರಶ್ನೆ: 'ರೋಗ ಇಲ್ಲೇ ಬಂತು ಅನ್ನೋದಕ್ಕೆ ಪುರಾವೆ ಏನು?' ಕ್ಷಯದ ರೋಗಾಣು ಮೈಯೊಳಗೆ ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ತಲೆಯೆತ್ತಬಹುದು. ಹಾಗಾಗಿ 'ಹೊರಗಿನಿಂದಲೇ ತಂದಿದ್ದಾನೆ' ಎಂದುಬಿಡುವುದು ಸುಲಭ, ಅದನ್ನು ಅಲ್ಲಗಳೆಯುವುದು ಕಷ್ಟ.

ದಕ್ಷಿಣ ಆಫ್ರಿಕಾದ ಲೀ ಎಂಬ ಕೈದಿಯ ಪ್ರಕರಣ ಸಿಕ್ಕಿಬಿದ್ದದ್ದೂ ಇಲ್ಲೇ. ಕೇಪ್‌ಟೌನ್‌ನ ಪೋಲ್ಸ್‌ಮೂರ್ ಜೈಲಿನಲ್ಲಿ ವಿಚಾರಣಾಧೀನ ಕೈದಿಯಾಗಿದ್ದ ಅವರಿಗೆ 2003ರಲ್ಲಿ ಕ್ಷಯ ಪತ್ತೆಯಾಯಿತು. ದಿನಕ್ಕೆ ಸುಮಾರು 23 ಗಂಟೆ ಕಿಕ್ಕಿರಿದ ಸೆಲ್‌ನಲ್ಲೇ ವಾಸ. ಜೈಲಿನವರು ಎಚ್ಚರ ವಹಿಸಿದ್ದರೆ ಸೋಂಕು ತಪ್ಪುತ್ತಿತ್ತು ಎಂಬುದು ಸಾಬೀತಾಗಿಲ್ಲವೆಂದು ಮೇಲ್ಮನವಿ ನ್ಯಾಯಾಲಯ ಕೈಚೆಲ್ಲಿತು. 2012ರ ಡಿಸೆಂಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಆ ತೀರ್ಪನ್ನು ಬದಿಗೊತ್ತಿತು. ಯಾರ ಕೆಮ್ಮಿನಿಂದ ಬಂತು ಎಂದು ಕೈದಿ ಬೆರಳು ಮಾಡಿ ತೋರಿಸಬೇಕಿಲ್ಲ. ಸರಿಯಾದ ಕ್ರಮ ಅಪಾಯವನ್ನು ತಗ್ಗಿಸುತ್ತಿತ್ತು ಎಂದಾದರೆ ಸಾಕು ಎಂದಿತು. ಅದೂ ಒಂದೇ ಮತದ ಅಂತರದ ಗೆಲುವು.

ಅಮೆರಿಕದಲ್ಲಿ ಕಾಯಿಲೆ ಬೀಳುವವರೆಗೂ ಕಾಯಬೇಕಿಲ್ಲ. ಮುಂದೆ ಆಗಬಹುದಾದ ಹಾನಿಗೂ ದಾವೆ ಹೂಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟಿನ 1993ರ ಹೆಲ್ಲಿಂಗ್ ತೀರ್ಪು ಹೇಳಿತು. ಆದರೆ ಕೈದಿಗಳ ದಾವೆಗಳ ಕುರಿತ 1996ರ ಕಾಯ್ದೆಯ ಪ್ರಕಾರ ಜೈಲಿನೊಳಗಿನ ದೂರಿನ ಹಂತಗಳನ್ನೆಲ್ಲ ಮುಗಿಸದೆ ಫೆಡರಲ್ ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ. ಆ ದೂರು ಕೊಡಲು ಇರುವ ಗಡುವು ದಿನಗಳ ಲೆಕ್ಕದ್ದು. ಜ್ವರ ಬಂದು ಮಲಗಿದವನಿಗೆ ಅದು ಎಷ್ಟು ಬೇಗ ಕಳೆಯುತ್ತದೆಂದು ಬೇರೆ ಹೇಳಬೇಕೆ? ಅಪಾಯ ಅಧಿಕಾರಿಗೆ ಗೊತ್ತಿತ್ತು ಎಂದೂ ತೋರಿಸಬೇಕು. 'ಸೆಲ್‌ನಲ್ಲಿ ಯಾರೋ ಕೆಮ್ಮುತ್ತಾರೆ' ಎಂಬ ದೂರು ಅದಕ್ಕೆ ಸಾಲದು. ಸೆಲ್ ನಂಬರ್, ಕೆಮ್ಮು ಶುರುವಾಗಿ ಎಷ್ಟು ವಾರ, ಕಫದಲ್ಲಿ ರಕ್ತ ಇದೆಯೇ, ಯಾವ ತಾರೀಖು ಯಾರ ಕೈಗೆ ಅರ್ಜಿ ಕೊಟ್ಟದ್ದು, ಇಷ್ಟಿರಬೇಕು. ಒಂದು ನಕಲು ತನ್ನ ಬಳಿ ಇಟ್ಟುಕೊಳ್ಳಬೇಕು.

ಇಷ್ಟಿದ್ದರೂ ಒಳಬಂದ ದಿನದ ತಪಾಸಣೆಯ ದಾಖಲೆ ಇಲ್ಲದಿದ್ದರೆ ವಾದ ಕುಂಟುತ್ತದೆ. ಅಂದಿನ ಎದೆಯ ಎಕ್ಸ್‌ರೇ ಸ್ವಚ್ಛವಾಗಿದ್ದು ಎರಡು ವರ್ಷದ ನಂತರ ಕಫ ಪರೀಕ್ಷೆಯಲ್ಲಿ ರೋಗಾಣು ಸಿಕ್ಕರೆ, ಅದೇ ಅಂತಿಮ ಪುರಾವೆಯಲ್ಲ ನಿಜ, ಆದರೆ 'ಹೊರಗಿನಿಂದ ತಂದ' ಎಂಬ ಮಾತು ಅಷ್ಟು ಸಲೀಸಾಗಿ ನಿಲ್ಲದು. ಪ್ರವೇಶದ ಬೆನ್ನಲ್ಲೇ ತಪಾಸಣೆ, ಕೇಳಿದರೆ ತನ್ನ ವೈದ್ಯಕೀಯ ಕಡತ ನೋಡಲು ಅವಕಾಶ, ವರ್ಗವಾದಾಗ ಕಡತವೂ ಹಿಂದೆಯೇ ಹೋಗುವುದು, ಮೂರನ್ನೂ ಕೈದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ ಮಾಡಿದ 2015ರ ಮಂಡೇಲಾ ನಿಯಮಗಳು ಹೇಳುತ್ತವೆ. ಎಕ್ಸ್‌ರೇ ವರದಿಯ ಪ್ರತಿಯನ್ನು ಅದೇ ದಿನ ಕೈದಿಯ ಕೈಗೇ ಕೊಟ್ಟರೆ ಖರ್ಚು ಒಂದು ಹಾಳೆಯದ್ದು.

ಇಂತಿ,
ಕೈದಿಗಳ ಪ್ರಕರಣ ನಡೆಸುವ ವಕೀಲರು