ಪುಕ್ಕ ಅಲ್ಲ ಕಣೋ, ಪಕ್ಕಾ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೊ ನೋಡಿ ನಗು ತಡೆಯಲಾಗಲಿಲ್ಲ. ಇಂಗ್ಲೆಂಡಿನ ಲೆಸ್ಟರ್‌ನ ಚಳಿಯಲ್ಲಿ ಕೈಯಲ್ಲೊಂದು ಬಿಸಿ ಬಿಸಿ ಪೈ, ಅದರ ಪೊಟ್ಟಣದ ಮೇಲೆ ಇಂಗ್ಲಿಷಿನ ದಪ್ಪಕ್ಷರದಲ್ಲಿ ‘ಪುಕ್ಕಾ’. ಒಳಗೆ ಕೋಳಿ ಪುಕ್ಕ ಏನಾದರೂ ತುಂಬಿದ್ದಾರಾ ಅಂತ ಕೇಳಿದ್ದೀಯ. ಇಲ್ಲ ಮಾರಾಯ, ಅದು ನಮ್ಮ ಪಕ್ಕಾ! ಆ ಕಂಪನಿ 1963ರಲ್ಲಿ ನಿಮ್ಮ ಲೆಸ್ಟರ್ ಕಡೆಯಲ್ಲೇ ಶುರುವಾದದ್ದು. ಕಪ್, ಕಟ್ ಅಂತ ಬರೆಯುವಾಗ ‘ಯು’ ಹಾಕುತ್ತಾರಲ್ಲ, ಅದೇ ಲೆಕ್ಕ. ಪಂಜಾಬಿಗೂ ಪಂಡಿತನಿಗೂ ಇಂಗ್ಲಿಷಿನವರು ಹಾಕಿದ್ದು ಅದೇ ‘ಯು’.

ಈಗ ಈ ‘ಪಕ್ಕಾ’ ಅನ್ನೋದು ಇಂಗ್ಲಿಷಿನದೇ ಗುಣವಾಚಕ. ಅಸಲಿ, ಗಟ್ಟಿ, ಮೊದಲ ದರ್ಜೆಯದು ಅಂತ ಅರ್ಥ. ಹೋಗಿದ್ದು ಹಿಂದೂಸ್ತಾನಿಯಿಂದ, ಅದರ ಹಿಂದಿರುವುದು ಸಂಸ್ಕೃತದ ಪಕ್ವ. ಅಂದರೆ ಬೆಂದದ್ದು, ಹಣ್ಣಾದದ್ದು. ಬೆಂದದ್ದಕ್ಕೂ ಗಟ್ಟಿಗೂ ಏನು ಸಂಬಂಧ ಅಂತೀಯಾ? ಇಟ್ಟಿಗೆ ಗೂಡು ನೆನಪು ಮಾಡಿಕೋ. ಬಿಸಿಲಲ್ಲಿ ಒಣಗಿಸಿದ ಹಸಿ ಇಟ್ಟಿಗೆ ಕಚ್ಚಾ, ಒಂದು ಜೋರು ಮಳೆಗೆ ಮತ್ತೆ ಮಣ್ಣು. ಬೆಂಕಿಯಲ್ಲಿ ಬೆಂದದ್ದು ಪಕ್ಕಾ. ಅದರಲ್ಲಿ ಕಟ್ಟಿದ್ದು ಪಕ್ಕಾ ಮನೆ. ಪಕ್ಕದ ಮನೆ ಬೇರೆ, ಬಿಡು.

1886ರಲ್ಲಿ ಯೂಲ್ ಮತ್ತು ಬರ್ನೆಲ್ ಅಂತ ಇಬ್ಬರು ‘ಹಾಬ್ಸನ್-ಜಾಬ್ಸನ್’ ಅನ್ನೋ ನಿಘಂಟು ತಂದರು. ಭಾರತದಲ್ಲಿದ್ದ ಇಂಗ್ಲಿಷರ ಬಾಯಲ್ಲಿ ಓಡಾಡುತ್ತಿದ್ದ ಮಾತುಗಳ ಮೂಟೆ ಅದು. ಕಚ್ಚಾ, ಪಕ್ಕಾ ಎರಡನ್ನೂ ಎದುರುಬದುರು ನಿಲ್ಲಿಸಿದ್ದಾರೆ. ರಸ್ತೆ, ಚಾವಣಿ, ಬಣ್ಣ, ಕೊನೆಗೆ ಜ್ವರದಲ್ಲೂ ಕಚ್ಚಾ ಪಕ್ಕಾ! ನನಗೆ ತುಂಬಾ ಹಿಡಿಸಿದ್ದು ಹೊಲಿಗೆ. ಅಳತೆ ನೋಡಲು ಟೈಲರ್ ಉದ್ದುದ್ದ ಹಾಕ್ತಾನಲ್ಲ, ಅದು ಕಚ್ಚಾ. ಆಮೇಲೆ ಮಿಷನ್ನಿನಲ್ಲಿ ಬೀಳುವುದು ಪಕ್ಕಾ. ಪಕ್ಕಾ ಖದೀಮನಿಗೂ ಅಲ್ಲಿ ಜಾಗ ಇದೆ.

ಅದೇ ನಿಘಂಟು 1673ರ ಒಂದು ಸಾಲನ್ನೂ ಕೊಡುತ್ತದೆ. ಬರೆದವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರೈಯರ್. ನಮ್ಮ ಕಾರವಾರ, ಗೋಕರ್ಣದ ಕಡೆಗೂ ಬಂದು ಹೋದವನು. ಮಣ ಅಂದರೆ ಹಳೆಯ ತೂಕದ ಅಳತೆ; ಆಗ್ರಾದ ಪಕ್ಕಾ ಮಣ ಸೂರತ್ತಿನ ಮಣದ ಎರಡರಷ್ಟು ತೂಗುತ್ತದೆ ಅಂತ ಬರೆದಿದ್ದಾನೆ. ವ್ಯಾಪಾರಕ್ಕೆ ಬಂದವನಿಗೆ ತಕ್ಕಡಿಯ ಮಾತೇ ಮೊದಲು ಕಿವಿಗೆ ಬೀಳುವುದು, ಅಲ್ವಾ? ನಮ್ಮಲ್ಲೂ ಹಿಂದೆ ಕಚ್ಚಾ ಸೇರು, ಪಕ್ಕಾ ಸೇರು ಅಂತ ಇತ್ತಲ್ಲ.

ಆಮೇಲೆ ‘ಪಕ್ಕಾ ಸಾಹೇಬ’ ಅನ್ನೋದು ಹುಟ್ಟಿಕೊಂಡಿತು. ಮೊದಮೊದಲು ಹೊಗಳಿಕೆ, ಬರ್ತಾ ಬರ್ತಾ ಗೇಲಿ. ಸಾಹೇಬರು ಊರಿಗೆ ಹೋದರು, ಪಕ್ಕಾ ಜೊತೆಗೇ ಹೋಗಿ ಲಂಡನ್ನಿನ ಬೀದಿ ಹುಡುಗರ ಬಾಯಿಗೆ ಬಿತ್ತು. 1999ರಲ್ಲಿ ಅಲ್ಲಿನ ಬಾಣಸಿಗ ಜೇಮಿ ಆಲಿವರ್ ಟಿವಿಯಲ್ಲಿ ಅಡುಗೆ ಮಾಡಲು ನಿಂತ. ರುಚಿಯಾಗಿದ್ದಕ್ಕೆಲ್ಲ ‘ಪಕ್ಕಾ’ ಅಂದು ಅದನ್ನು ಮನೆಮನೆಗೆ ಮುಟ್ಟಿಸಿದ. ಬೆಂಕಿಯಿಂದ ಎದ್ದು ಬಂದ ಪದ ಊರೆಲ್ಲ ಸುತ್ತಿ ಮತ್ತೆ ಒಲೆ ಮುಂದೆಯೇ ಬಂದು ಕೂತಿತು ನೋಡು.

ಅಲ್ಲಿ ಅದಕ್ಕೆ ನೆಂಟರೂ ಸಿಕ್ಕಿರಬೇಕು. ಇಂಗ್ಲಿಷಿನ ಕುಕ್, ಕಿಚನ್ ಎರಡರ ಬೇರೂ ಪಕ್ವದ ಬೇರೂ ಒಂದೇ. ಬಿಸ್ಕತ್ತು ಅಂದರೆ ಎರಡು ಸಲ ಬೆಂದದ್ದು, ಅದರಲ್ಲಿರುವುದೂ ಅದೇ ಬೇರು. ಇನ್ನು ನಮ್ಮಲ್ಲಿ ಅರ್ಥವೇ ತಿರುವುಮುರುವು. ‘ಪಕ್ಕಾ ಬರ್ತೀನಿ ಮಗಾ’ ಅಂದವನು ಬಂದದ್ದು ನಾನಂತೂ ಕಂಡಿಲ್ಲ. ನೀನೂ ಹೋದ ದೀಪಾವಳಿಗೆ ಹಾಗೇ ಅಂದಿದ್ದೆ.

ಮೈಸೂರು ಪಾಕಿನ ‘ಪಾಕ’ವೂ ಇದೇ ಮನೆತನದ್ದು. ಅಂದಹಾಗೆ ಮೊನ್ನೆ ನಿನಗೆ ಕಳಿಸೋಣ ಅಂತ ಮಾಡಲು ಕೂತೆ. ಅಮ್ಮ ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ಹಿಡಿದು ಬಿಡಿಸಿದರು. ಒಂದೆಳೆ ಬಂದಿತ್ತು. ‘ಹಿಟ್ಟು ಹಾಕು’ ಅಂದರು. ನಾನೋ ಮೊಬೈಲಿನಲ್ಲಿ ಇದೇ ಪದದ ಜಾತಕ ಓದುತ್ತಾ ನಿಂತಿದ್ದೆ. ಹಿಟ್ಟು, ತುಪ್ಪ ಎಲ್ಲ ಹೋಗುವಷ್ಟರಲ್ಲಿ ಪಾಕ ಏರಿಬಿಟ್ಟಿತ್ತು. ಆರಿದ ಮೇಲೆ ಚಾಕು ಇಳಿಯಲಿಲ್ಲ, ಕಲ್ಲಿನಲ್ಲಿ ಒಡೆದೆವು. ಅಮ್ಮ ಒಂದು ತುಂಡನ್ನು ತಟ್ಟೆಗೆ ಟಕ್ ಅಂತ ಕುಟ್ಟಿ ನೋಡಿ, ‘ಇದು ನಾಲ್ಕು ಡಬ್ಬಿ ಆದರೆ ದನದ ಕೊಟ್ಟಿಗೆಗೆ ಗೋಡೆ ಎತ್ತಬಹುದು’ ಅಂದರು.

ನಿನಗೆ ಬೇರೆ ಡಬ್ಬಿ ಬರ್ತಾ ಇದೆ. ಅಮ್ಮನೇ ಮಾಡಿದ್ದು, ಹೆದರಬೇಡ.

ಇಂತಿ ನಿನ್ನ
ಗೆಳೆಯ