ಬೈದವರಿಗೆಲ್ಲ ಥ್ಯಾಂಕ್ಸ್

ಹೋದ ವಾರ ಪೋಸ್ಟ್ ಡಬ್ಬಿಯಲ್ಲಿ ಒಂದು ದಪ್ಪ ಲಕೋಟೆ ಬಂದಿತ್ತು. ಒಳಗಿದ್ದದ್ದು ನನ್ನ ಜರ್ಮನ್ ಭಾಷೆಯ ಬಿ1, ಅಂದರೆ ಮಧ್ಯಮ ಹಂತದ ಪರೀಕ್ಷೆಯ ಸರ್ಟಿಫಿಕೇಟ್. ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಒಂದೊಂದರಲ್ಲೂ 100ಕ್ಕೆ 60 ಬರಲೇಬೇಕು. ಹಿಂದಿನ ಸಲ ಬರವಣಿಗೆಯಲ್ಲಿ 56 ತೆಗೆದು ಡುಮ್ಕಿ ಹೊಡೆದಿದ್ದೆ. ಪುಣ್ಯಕ್ಕೆ ಫೇಲಾದ ಭಾಗವೊಂದನ್ನೇ ಮತ್ತೆ ಬರೆದರೆ ಸಾಕು. ಈ ಸಲ 71. ಅಡುಗೆಮನೆಯಲ್ಲಿ ನಿಂತೇ ಎರಡೆರಡು ಸಲ ಓದಿದೆ. ಅಷ್ಟರಲ್ಲಿ ಒಲೆಯ ಮೇಲಿದ್ದ ಹಾಲು ಉಕ್ಕಿತು. ಉಕ್ಕಲಿ ಬಿಡಿ, ಹೊಸ ಮನೆಗೆ ಬಂದಾಗ ಹಾಲು ಉಕ್ಕಿಸುವುದು ನಮ್ಮ ಪದ್ಧತಿಯೇ ಅಲ್ವಾ. ಆರು ವರ್ಷ ತಡವಾಯಿತು ಅಷ್ಟೆ.

2019ರ ಅಕ್ಟೋಬರ್‌ನಲ್ಲಿ ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದೆವು. ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿತ್ತು. ಮಗನಿಗೆ ಎರಡು ವರ್ಷ. ನಾನು ಸಾಗರದ ಹತ್ತಿರದ ಹಳ್ಳಿಯವಳು, ಬೆಂಗಳೂರಲ್ಲಿ ಎಂಟು ವರ್ಷ ಅಕೌಂಟ್ಸ್ ನೋಡಿಕೊಂಡಿದ್ದವಳು. ಈ ಊರು ಒಂದು ಬೋಗುಣಿ ಥರ ಇದೆ. ತಳದಲ್ಲಿ ಪೇಟೆ, ಸುತ್ತ ಗುಡ್ಡ, ಗುಡ್ಡದ ಇಳಿಜಾರಲ್ಲಿ ದ್ರಾಕ್ಷಿ ತೋಟ. ಹತ್ತಿ ಇಳಿಯಲು ಊರ ತುಂಬ ಮೆಟ್ಟಿಲ ದಾರಿಗಳು, 400ಕ್ಕೂ ಜಾಸ್ತಿ. ಅಂಥದ್ದೊಂದು ಮೆಟ್ಟಿಲ ದಾರಿಯ ಪಕ್ಕದ ಹಳೇ ಕಟ್ಟಡದಲ್ಲಿ ಎರಡನೇ ಮಹಡಿ ನಮ್ಮದು.

ಸರ್ಟಿಫಿಕೇಟ್ ಬಂದ ಸಂಜೆ, ಯಾರಿಗೆಲ್ಲ ಥ್ಯಾಂಕ್ಸ್ ಹೇಳಬೇಕು ಅಂತ ಯೋಚಿಸುತ್ತಾ ಕೂತೆ. ವಿಚಿತ್ರ ಅಂದರೆ, ನಗುನಗುತ್ತಾ ಮಾತಾಡಿಸಿ ಹೋದವರ ಮುಖ ಅಷ್ಟಾಗಿ ನೆನಪಾಗಲಿಲ್ಲ. ಬೈದವರ ಮುಖ ಮಾತ್ರ ಒಂದೂ ಮರೆತಿಲ್ಲ. ಹಾಗಾಗಿ ಈ ಥ್ಯಾಂಕ್ಸ್ ಮೊದಲು ಅವರಿಗೆ.

ಮೊದಲ ಬೈಗುಳ ಬಂದಿದ್ದು ಒಂದನೇ ಮಹಡಿಯ ಅಜ್ಜಿಯಿಂದ. ಹೆಸರು ಬರೆಯುವುದಿಲ್ಲ, ಅವರಿಗೆ ಅದು ಸೇರುವುದಿಲ್ಲ. ನಾವು ಬಂದು ಎರಡು ವಾರವಾದರೂ ಬ್ಯಾಂಕಿನಿಂದ ಒಂದು ಕಾಗದವೂ ಬಂದಿರಲಿಲ್ಲ. ಇಲ್ಲಿ ವಿಳಾಸದಲ್ಲಿ ಮನೆ ನಂಬರು, ಮಹಡಿ ಏನೂ ಬರೆಯುವುದಿಲ್ಲ. ಕಟ್ಟಡದ ನಂಬರು, ಆಮೇಲೆ ಹೆಸರು. ಪೋಸ್ಟಿನವನು ಡಬ್ಬಿಯ ಮೇಲೆ, ಕರೆಗಂಟೆಯ ಮೇಲೆ ಹೆಸರು ಹುಡುಕುತ್ತಾನೆ. ಇಲ್ಲದಿದ್ದರೆ ಕಾಗದ ವಾಪಸ್. ನಮ್ಮ ಗಂಟೆಯ ಮೇಲೆ ಹಿಂದಿನ ಬಾಡಿಗೆದಾರರ ಹೆಸರೇ ಇತ್ತು. ಅಜ್ಜಿ ಬಾಗಿಲು ತಟ್ಟಿ, ಕೈಯಲ್ಲಿ ಕತ್ತರಿ, ಟೇಪು ಹಿಡಿದು ನಿಂತಿದ್ದರು. ಏನು ಹೇಳಿದರೋ ಒಂದಕ್ಷರ ಅರ್ಥವಾಗಲಿಲ್ಲ. ಬೈಗುಳ ಅನ್ನುವುದು ಮಾತ್ರ ಅರ್ಥವಾಯಿತು, ಅದಕ್ಕೆ ಭಾಷೆ ಬೇಡ ನೋಡಿ. ನಮ್ಮಿಬ್ಬರ ಹೆಸರನ್ನೂ ಬರೆದುಕೊಟ್ಟೆ. ಗಂಡ ಹೆಂಡತಿಗೆ ಬೇರೆ ಬೇರೆ ಸರ್‌ನೇಮ್ ಯಾಕೆ, ಈ ಒಂದಕ್ಷರದ ಇನಿಷಿಯಲ್ ಏನು ಅಂತ ಅವರ ಹುಬ್ಬು ಕೇಳುತ್ತಿತ್ತು. ಅವರೇ ಕತ್ತರಿಸಿ ಅಂಟಿಸಿ ಹೋದರು. ಮೂರನೇ ದಿನ ಡಬ್ಬಿಯಲ್ಲಿ ಐದು ಕಾಗದ.

ಆಮೇಲೆ ಶುರುವಾಯಿತು ಕೇರ್‌ವೊಖೆ. ಗುಡಿಸುವ ವಾರ ಅನ್ನಬಹುದು. ಈ ಭಾಗದ ಜರ್ಮನ್ನರನ್ನು ಸ್ವಾಬಿಯದವರು ಅನ್ನುತ್ತಾರೆ, ಅವರ ಹೆಮ್ಮೆಯ ಪದ್ಧತಿ ಇದು. ಕಟ್ಟಡದ ಮೆಟ್ಟಿಲು, ಅಂಗಳ, ಮುಂದಿನ ಫುಟ್‌ಪಾತ್ ಎಲ್ಲ ಸರದಿಯ ಮೇಲೆ ಬಾಡಿಗೆದಾರರೇ ಚೊಕ್ಕ ಮಾಡಬೇಕು. ಚಳಿಗಾಲದಲ್ಲಿ ಹಿಮವನ್ನೂ ಎತ್ತಬೇಕು. ಯಾರ ಸರದಿಯೋ ಅವರ ಬಾಗಿಲ ಹಿಡಿಕೆಗೆ ಒಂದು ಚಿಕ್ಕ ಬೋರ್ಡು ನೇತು ಬೀಳುತ್ತದೆ. ವಾರ ಮುಗಿದ ಮೇಲೆ ನೀವು ಅದನ್ನು ಪಕ್ಕದವರ ಹಿಡಿಕೆಗೆ ದಾಟಿಸಬೇಕು. ನಾನು ಮೊದಲ ಸಲ ಬೋರ್ಡು ನೋಡಿ ಯಾವುದೋ ಜಾಹೀರಾತು ಅಂದುಕೊಂಡು ಮಗನಿಗೆ ಆಡಲು ಕೊಟ್ಟಿದ್ದೆ!

ಶನಿವಾರ ಅಜ್ಜಿ ಬಂದರು. ಬೋರ್ಡಿನ ಮೇಲೆ ಮಗನ ಕ್ರೆಯಾನ್ ಚಿತ್ತಾರ. ಅವರ ಮುಖ ನೋಡಬೇಕಿತ್ತು. ನನ್ನ ಕೈಗೆ ಪೊರಕೆ ಕೊಟ್ಟು ಮೇಲಿನ ಮೆಟ್ಟಿಲಿನಿಂದ ಶುರು ಮಾಡಿಸಿದರು. ಮೂಲೆಯಲ್ಲಿ ಉಳಿದ ಧೂಳನ್ನು ಬೆರಳಲ್ಲಿ ತೆಗೆದು ತೋರಿಸಿದರು. ಗುಡಿಸಿದರೆ ಸಾಲದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒರೆಸಿದರೆ ಸಾಲದು, ಕೈಹಿಡಿಯ ಕಂಬಿಯನ್ನೂ ಒರೆಸಬೇಕು. ಬೆಂಗಳೂರಲ್ಲಿ ಕೆಲಸದವರಿಟ್ಟುಕೊಂಡಿದ್ದ ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಬಗ್ಗಿ ಒರೆಸುತ್ತಿದ್ದಾಗ ನೆನಪಾಗಿದ್ದು ನನ್ನ ಅಮ್ಮಮ್ಮ. ಬೆಳಗ್ಗೆ ಅಂಗಳ ಸಾರಿಸದೆ ಬಾಯಿಗೆ ಕಾಫಿ ಹಾಕುತ್ತಿರಲಿಲ್ಲ ಅವಳು. ಮೂಲೆ ಬಿಟ್ಟರೆ ಇದೇ ಥರ ಬೆರಳಲ್ಲಿ ತೋರಿಸುತ್ತಿದ್ದಳು.

ಆಮೇಲೆ ಎಲ್ಲೋ ಓದಿದೆ. ಪ್ರತಿಯೊಬ್ಬರೂ ವಾರಕ್ಕೊಮ್ಮೆ ತಮ್ಮ ಕೊಟ್ಟಿಗೆ ಗೊಬ್ಬರವನ್ನು ಹೊರಗೆ ಸಾಗಿಸಬೇಕು ಅಂತ ಸ್ಟುಟ್‌ಗಾರ್ಟ್ ನಗರದ 1492ರ ಕಟ್ಟಳೆಯಲ್ಲೇ ಇದೆಯಂತೆ. ಕೊಲಂಬಸ್ ಹಡಗು ಹತ್ತಿದ ವರ್ಷ ಇವರು ಸೆಗಣಿ ಎತ್ತುತ್ತಿದ್ದರು. ಇವರು ಸೆಗಣಿ ಹೊರಗೆ ಹಾಕಿ ಚೊಕ್ಕ ಮಾಡಿದರು, ನಮ್ಮ ಅಮ್ಮಮ್ಮ ಸೆಗಣಿ ಹಾಕಿ ಸಾರಿಸಿ ಚೊಕ್ಕ ಮಾಡಿದಳು. ಇಬ್ಬರನ್ನೂ ಒಂದು ಸಲ ಕೂರಿಸಿ ಮಾತಾಡಿಸಬೇಕಿತ್ತು.

ಉಳಿದ ಬೈಗುಳಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಭಾನುವಾರ ಖಾಲಿ ಬಾಟಲಿ ಎಸೆಯಲು ಹೋದ ನನ್ನನ್ನು ತಡೆದ, ನಾಯಿ ಹಿಡಿದಿದ್ದ ಯಜಮಾನರಿಗೆ ಥ್ಯಾಂಕ್ಸ್. ಇಲ್ಲಿ ಗಾಜಿನ ತೊಟ್ಟಿ ಬಿಳಿ, ಕಂದು, ಹಸಿರು ಅಂತ ಬೇರೆ ಬೇರೆ. ಭಾನುವಾರ ಸದ್ದು ಮಾಡುವ ಹಾಗಿಲ್ಲ, ಅದಕ್ಕೇ ಬಾಟಲಿ ಎಸೆಯುವ ಹಾಗಿಲ್ಲ. ಬೈದ ಮೇಲೂ ಹೋಗದೆ, ನನ್ನ ಚೀಲದಲ್ಲಿದ್ದ ನೀಲಿ ಬಾಟಲಿ ಹಸಿರು ತೊಟ್ಟಿಗೆ ಹೋಗಬೇಕು ಅಂತ ಪಾಠ ಮಾಡಿದರು. ಕೆಂಪು ದೀಪ ಇದ್ದಾಗ, ಒಂದೂ ಗಾಡಿ ಬರುತ್ತಿಲ್ಲವಲ್ಲ ಅಂತ ರಸ್ತೆ ದಾಟಿದೆ. ಆಚೆ ಬದಿಯಿಂದ ಒಬ್ಬ ತಾಯಿ "ಮಕ್ಕಳು ನೋಡುತ್ತಿದ್ದಾರೆ!" ಅಂತ ಕೂಗಿದರು. ಈಗ ನನ್ನ ಮಗನೇ ಆ ಕೆಲಸ ಮಾಡುತ್ತಾನೆ. ಊರಿಗೆ ಹೋದಾಗ ಸಾಗರದ ಬಸ್ ಸ್ಟ್ಯಾಂಡ್ ಹತ್ತಿರ "ಅಮ್ಮಾ, ದೀಪ ಎಲ್ಲಿ?" ಅಂತ ನಿಂತುಬಿಟ್ಟಿದ್ದ. ಅವನನ್ನು ಎತ್ತಿಕೊಂಡೇ ದಾಟಬೇಕಾಯಿತು.

ಎರಡನೇ ಚಳಿಗಾಲದಲ್ಲಿ ಮಲಗುವ ಕೋಣೆಯ ಬೀರು ಹಿಂದೆ ಗೋಡೆಗೆ ಕಪ್ಪು ಬೂಷ್ಟು ಹಿಡಿಯಿತು. ಮನೆಯ ಮಾಲೀಕರ ಕಡೆಯಿಂದ ಖಾರವಾದ ಕಾಗದ ಬಂತು. ನೀವು ಮಾಡುವ ಅಡುಗೆಯ ಹಬೆಯಿಂದಲೇ ಹೀಗಾಗಿದೆ, ಡಿಪಾಸಿಟ್‌ನಲ್ಲಿ ಮುರಿದುಕೊಳ್ಳುತ್ತೇವೆ ಅಂತ. ನನಗೆ ಅಳುವೇ ಬಂತು. ಅಜ್ಜಿ ಮೇಲೆ ಬಂದು ಗೋಡೆ ಮುಟ್ಟಿ ನೋಡಿದರು. ಮೊದಲು ನನಗೆ ಬೈದರು. ಕಿಟಕಿಯನ್ನು ದಿನವಿಡೀ ಓರೆಯಾಗಿ ತೆರೆದಿಟ್ಟರೆ ಗೋಡೆ ತಣ್ಣಗಾಗುತ್ತದೆ, ಹಬೆ ಅಲ್ಲೇ ನೀರಾಗುತ್ತದೆ. ಚಳಿ ಎಷ್ಟೇ ಇರಲಿ, ಬೆಳಗ್ಗೆ ಸಂಜೆ ಐದು ನಿಮಿಷ ಪೂರ್ತಿ ತೆರೆದು ಮುಚ್ಚಬೇಕು. ಬೀರನ್ನು ಹೊರಗೋಡೆಗೆ ಒತ್ತಿ ಇಡಬಾರದು. ಆಮೇಲೆ ಕೂತು ಮಾಲೀಕರಿಗೆ ಒಂದು ಕಾಗದ ಬರೆದರು. ಆ ಗೋಡೆ ಈ ಕುಟುಂಬ ಬರುವ ಮೊದಲೇ ತೇವವಿತ್ತು, ನಾನು ನೋಡಿದ್ದೇನೆ ಅಂತ. ಬೈಗುಳ ಎರಡೂ ಕಡೆಗೆ ಸಮನಾಗಿ ಹಂಚಿದರು. ಡಿಪಾಸಿಟ್ ಮಾತು ಮತ್ತೆ ಬರಲಿಲ್ಲ.

ಇದಕ್ಕೂ ಮೊದಲಿನದೊಂದನ್ನು ಹೇಳಬೇಕು. ಹೇಳುವುದಕ್ಕೇ ಇಷ್ಟೆಲ್ಲ ಸುತ್ತು ಹಾಕಿದೆ ಅನಿಸುತ್ತದೆ.

2020ರ ಏಪ್ರಿಲ್‌ನಲ್ಲಿ ಅಮ್ಮಮ್ಮ ಹೋದಳು. ಇಲ್ಲೂ ಲಾಕ್‌ಡೌನ್, ಅಲ್ಲೂ ಲಾಕ್‌ಡೌನ್, ಭಾರತಕ್ಕೆ ವಿಮಾನವೇ ಇರಲಿಲ್ಲ. ಊರಲ್ಲಿ ನೆಟ್‌ವರ್ಕ್ ಸಿಗುವುದು ಅಡಿಕೆ ತೋಟದ ಏರಿಯ ಮೇಲೆ. ತಮ್ಮ ಅಲ್ಲಿಂದ ವಿಡಿಯೊ ಕಾಲ್ ಮಾಡಿದ. ಅವಳನ್ನು ಎತ್ತಿಕೊಂಡು ಹೋಗುವುದು ದೂರದಿಂದ ಕಾಣಿಸಿತು, ಚಿತ್ರ ನಿಂತಿತು, ಮತ್ತೆ ಬಂದಾಗ ಬರೀ ತೋಟ. ಆ ವಾರ ನಮ್ಮ ಕೇರ್‌ವೊಖೆ. ಬೋರ್ಡು ಭಾನುವಾರ ರಾತ್ರಿ ಹಿಡಿಕೆಗೆ ಬರಬೇಕಿತ್ತು. ಬರಲಿಲ್ಲ. ನನಗೆ ಅದು ಗಮನಕ್ಕೂ ಬರಲಿಲ್ಲ.

ಶನಿವಾರ ಬೆಳಗ್ಗೆ ಬಾಗಿಲಾಚೆ ಬಕೆಟ್ ಸದ್ದು ಕೇಳಿತು. ತೆರೆದರೆ ಅಜ್ಜಿ. ಆಗ ಅವರಿಗೆ 78. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಮ್ಮ ಭಾಗದ ಮೆಟ್ಟಿಲು ಒರೆಸುತ್ತಿದ್ದರು. ತಲೆ ಎತ್ತದೆಯೇ, "ಒದ್ದೆ ಇದೆ, ಕಾಲಿಡಬೇಡಿ" ಎಂದರು. ಮೆಟ್ಟಿಲ ಮೇಲೆ ಸಿಕ್ಕಾಗ ಗಂಡ ವಿಷಯ ಹೇಳಿದ್ದರಂತೆ. ಸಂತಾಪದ ಮಾತೊಂದೂ ಆಡಲಿಲ್ಲ. ಒರೆಸಿ ಮುಗಿಸಿ, ಬೋರ್ಡನ್ನು ತಾವೇ ಮೂರನೇ ಮಹಡಿಗೆ ದಾಟಿಸಿ ಇಳಿದು ಹೋದರು. ಮಾರನೇ ದಿನ ಬಾಗಿಲ ಬಳಿ ಒಂದು ಪಾತ್ರೆ. ಈ ಕಡೆಯವರು ಚೆನ್ನಂಗಿ ಬೇಳೆಯಂಥ ಕಾಳನ್ನು ವಿನೆಗರ್ ಹಾಕಿ ಬೇಯಿಸುತ್ತಾರೆ, ಜೊತೆಗೆ ಸಾಸೇಜ್ ಇರಲೇಬೇಕು. ಪಾತ್ರೆಯ ಮುಚ್ಚಳಕ್ಕೆ ಚೀಟಿ ಅಂಟಿಸಿದ್ದರು: "ಮಾಂಸ ಇಲ್ಲ." ಉಪ್ಪು ಕಡಿಮೆ, ಖಾರ ಇಲ್ಲವೇ ಇಲ್ಲ. ಹುಳಿ ಮಾತ್ರ ನಮ್ಮನೆಯ ಹುಳಿಯಷ್ಟೇ. ಅನ್ನಕ್ಕೆ ಕಲಸಿಕೊಂಡು ತಿಂದೆವು. ವಾರದಲ್ಲಿ ಅದೇ ನಾನು ಸರಿಯಾಗಿ ಮಾಡಿದ ಊಟ.

ಮುಂದಿನ ಸರದಿಯಲ್ಲಿ ಬೋರ್ಡು ಮತ್ತೆ ನಮ್ಮ ಹಿಡಿಕೆಯಲ್ಲಿ ನೇತಾಡುತ್ತಿತ್ತು. ಮೂಲೆ ಬಿಟ್ಟಿದ್ದಕ್ಕೆ ಬೈದೂ ಬೈದರು. ಎಷ್ಟು ಸಮಾಧಾನವಾಯಿತು ಗೊತ್ತಾ.

ಭಾಷೆಯ ವಿಷಯಕ್ಕೆ ಬರುತ್ತೇನೆ. ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿರುವ ಫೋಕ್ಸ್‌ಹೋಖ್‌ಶುಲೆಯ ನನ್ನ ಟೀಚರ್‌ಗೆ, ಅವರ ಕೆಂಪು ಪೆನ್ನಿಗೆ ದೊಡ್ಡ ಥ್ಯಾಂಕ್ಸ್. ಊರವರಿಗಾಗಿ ನಡೆಸುವ ಸಂಜೆ ಶಾಲೆ ಅದು. ನಮ್ಮ ಬೆಂಚಿನಲ್ಲಿ ಸಿರಿಯಾದ ಕ್ಷೌರಿಕ, ಬ್ರೆಜಿಲ್‌ನ ನರ್ಸ್, 2022ರ ಯುದ್ಧದ ನಂತರ ಬಂದ ಉಕ್ರೇನಿನ ಇಬ್ಬರು ತಾಯಂದಿರು. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ಎರಡೂ ಅಲ್ಲ. ಹೆಸರಿನ ಹಿಂದೆ ಗಂಡಿಗೆ "ಡೆರ್", ಹೆಣ್ಣಿಗೆ "ಡಿ", ಎರಡೂ ಅಲ್ಲದ್ದಕ್ಕೆ "ಡಾಸ್" ಅನ್ನಬೇಕು. ಕನ್ನಡದಲ್ಲಿ ಎಲ್ಲವನ್ನೂ ಸುಮ್ನೆ "ಅದು" ಅಂದುಕೊಂಡು ಬೆಳೆದವಳಿಗೆ ಇದು ಯಾವ ಜನ್ಮದ ಶಿಕ್ಷೆಯೋ! ಒಂದು ಕಡೆ ಮಾತ್ರ ನಾನು ಎಲ್ಲರಿಗಿಂತ ಮುಂದಿದ್ದೆ. "ಯಾಕೆಂದರೆ" ಅಂತ ಶುರು ಮಾಡಿದರೆ ಜರ್ಮನ್‌ನಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ. ಉಳಿದವರು ತಲೆ ಕೆರೆದುಕೊಳ್ಳುತ್ತಿದ್ದರು. ನಮ್ಮಲ್ಲಿ ಅದು ಹುಟ್ಟಿನಿಂದಲೂ ಅಲ್ಲೇ ಇದೆಯಲ್ಲ.

ಕ್ಲಾಸಿನಲ್ಲಿ ಕಲಿತ ಜರ್ಮನ್ ಬೇರೆ, ಮೆಟ್ಟಿಲ ಮೇಲೆ ಕಲಿತದ್ದು ಬೇರೆ. ಸ್ವಾಬಿಯದವರು ಎಲ್ಲದಕ್ಕೂ ಮುದ್ದಾಗಿ ಒಂದು "ಲೆ" ಸೇರಿಸುತ್ತಾರೆ. ಪರೀಕ್ಷೆಯ ಮಾತಿನ ಭಾಗದಲ್ಲಿ "ಸ್ವಲ್ಪ" ಅನ್ನಲು ನನ್ನ ಬಾಯಿಂದ "ಅ ಬಿಸ್ಲೆ" ಅಂತ ಬಂದುಬಿಟ್ಟಿತು, ಥೇಟ್ ಅಜ್ಜಿಯ ಥರ. ಪರೀಕ್ಷಕರು ಪೆನ್ನು ಕೆಳಗಿಟ್ಟು ನಕ್ಕರು. ಅಂಕ ಕಡಿಯಲಿಲ್ಲ ಅಂತ ಕಾಣುತ್ತದೆ.

ಓದಿ ಓದಿ ಬೇಜಾರಾದ ಒಂದು ದಿನ ರೈಲು ಹತ್ತಿ ಎಸ್‌ಲಿಂಗನ್‌ಗೆ ಹೋಗಿದ್ದೆ. ಪಕ್ಕದ ಊರು, ನೆಕ್ಕರ್ ನದಿ ದಂಡೆ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ತೀರಿಕೊಂಡಿದ್ದು ಆ ಊರಲ್ಲಿ, 1881ರಲ್ಲಿ. ನಿಘಂಟಿನ ಕಿಟೆಲ್ ಕೊನೆಯುಸಿರೆಳೆದ ಟ್ಯೂಬಿಂಗನ್ ಕೂಡ ಇಲ್ಲಿಂದ ದೂರವಿಲ್ಲ. ನದಿ ಪಕ್ಕ ಕೂತು ಬ್ರೆಟ್ಸೆಲ್ ತಿನ್ನುತ್ತಾ ಯೋಚಿಸಿದೆ. ಈ ಮನುಷ್ಯನಿಗೆ "ಲ" ಅಲ್ಲ "ಳ" ಅಂತ ತಿದ್ದಿ ತಿದ್ದಿ ಮಂಗಳೂರಲ್ಲಿ ಯಾರು ಸುಸ್ತಾಗಿರಬಹುದು? ಯಾವ ಮನೆಯ ಅಜ್ಜಿಯೋ, ಯಾವ ಪಂಡಿತರೋ. ಅವರ ಹೆಸರು ನಮಗೆ ಗೊತ್ತಿಲ್ಲ. ಅವರಿಗೂ ನನ್ನ ಲೆಕ್ಕದಲ್ಲಿ ಒಂದು ಥ್ಯಾಂಕ್ಸ್ ಇರಲಿ.

ಬೈಯದವರಿಗೂ ಹೇಳಬೇಕಲ್ಲ. ಇಲ್ಲಿನ ಕನ್ನಡದ ಗೆಳತಿಯರು ಮೊದಲ ತಿಂಗಳೇ ತೊಗರಿಬೇಳೆ ತಂದುಕೊಟ್ಟರು, ಕುಕ್ಕರ್ ಗ್ಯಾಸ್ಕೆಟ್ ಹರಿದಾಗ ತಮ್ಮದನ್ನೇ ಬಿಚ್ಚಿಕೊಟ್ಟರು. ಗಂಡ ಒಂದು ವರ್ಷ ವಾರಕ್ಕೆ ಮೂರು ಸಂಜೆ ಮಗನನ್ನು ನೋಡಿಕೊಂಡರು. ಉಪ್ಪಿಟ್ಟು ಮಾತ್ರ ಇವತ್ತಿಗೂ ಗಂಟುಗಂಟು. ಅಮ್ಮ, ನಾನು ಫೋನಿನಲ್ಲಿ ಎಷ್ಟು ಅತ್ತರೂ "ಬಂದುಬಿಡೇ" ಅಂತ ಒಂದು ದಿನವೂ ಅನ್ನಲಿಲ್ಲ. ಅನ್ನಬೇಕು ಅಂತ ಎಷ್ಟು ಸಲ ಅನಿಸಿತ್ತೋ.

ಅಜ್ಜಿಗೆ ಈಗ 84. ಅವರಿಗೆ ಕನ್ನಡ ಬರುವುದಿಲ್ಲ, ಅದಕ್ಕೇ ಇಷ್ಟೆಲ್ಲ ಧೈರ್ಯವಾಗಿ ಬರೆಯುತ್ತಿದ್ದೇನೆ. ಲಕೋಟೆ ಬಂದ ದಿನ ಉಕ್ಕಿದ ಹಾಲು ಒರೆಸಿ, ಕೆಳಗೆ ಓಡಿ ಹೋಗಿ ಗಂಟೆ ಒತ್ತಿದೆ. ಏದುಸಿರು ಬಿಡುತ್ತಾ, ನನಗೆ ಸರ್ಟಿಫಿಕೇಟ್ ಬಂತು ಅಂತ ಜರ್ಮನ್‌ನಲ್ಲಿ ಹೇಳಿದೆ. "ಡಿ ತ್ಸೆರ್ಟಿಫಿಕಾಟ್" ಅಂದೆ, ಹೆಣ್ಣು ಅಂದುಕೊಂಡು.

"ಡಾಸ್" ಎಂದರು ಅಜ್ಜಿ. "ಡಾಸ್ ತ್ಸೆರ್ಟಿಫಿಕಾಟ್."

ಕಾಗದ ಈಸಿಕೊಂಡು, ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ನಾಲ್ಕೂ ಅಂಕಗಳನ್ನು ನಿಧಾನಕ್ಕೆ ಓದಿದರು. ಆಮೇಲೆ 71ರ ಮೇಲೆ ಬೆರಳಿಟ್ಟು ಕೇಳಿದರು, "ಇದೊಂದು ಯಾಕೆ ಕಡಿಮೆ?"